ಮೊಣಕಾಲಿನ ಮಾತ್ರೆ ಮರೆವಿನ ಮದ್ದಾದಾಗ: ಉಡುಪಿ ಜಿಲ್ಲೆಯ ಒಂದು ಪ್ರಕರಣ

ಗುರುತು ಸಿಗದಂತೆ ಊರು, ವಯಸ್ಸು, ಮನೆಯವರ ವಿವರಗಳನ್ನು ಬದಲಿಸಲಾಗಿದೆ. ಔಷಧಗಳ ಪ್ರಮಾಣ ಮತ್ತು ಘಟನೆಗಳು ನಡೆದ ಕ್ರಮ ಮುಖ್ಯವಾದ್ದರಿಂದ ಅವನ್ನು ಬಿಡಿಸಿ ಬರೆದಿದೆ.

ಹಿನ್ನೆಲೆ

74 ವರ್ಷದ ಮಹಿಳೆ. ಮನೆಮಾತು ತುಳು, ಏಳನೆಯ ತರಗತಿವರೆಗೆ ಕನ್ನಡ ಶಾಲೆ. ಗಂಡ ತೀರಿಕೊಂಡಿದ್ದಾರೆ. ಹಿರಿಯ ಮಗ ಗಲ್ಫ್‌ನಲ್ಲಿ, ಕಿರಿಯ ಮಗ ಮೀನಿನ ವ್ಯಾಪಾರದಲ್ಲಿ; ದಿನವಿಡೀ ಜೊತೆಗಿರುವವರು ಕಿರಿಯ ಸೊಸೆ. ಹದಿನೈದು ವರ್ಷದಿಂದ ಬಿಪಿ ಇದೆ. ಅದಕ್ಕೆ ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಮತ್ತು ಹೈಡ್ರೊಕ್ಲೋರೊಥಯಾಝೈಡ್ 12.5 ಮಿ.ಗ್ರಾಂ ಸೇರಿದ ಒಂದೇ ಮಾತ್ರೆ. ಎರಡೂ ಮೊಣಕಾಲು ಸವೆದಿದ್ದು, ಬಲಗಾಲಿನ ನೋವು ಹೆಚ್ಚು. ಸಕ್ಕರೆ ಕಾಯಿಲೆ ಇಲ್ಲ.

ಒಂದೂವರೆ ವರ್ಷದಿಂದ ಮರೆವು. ಹೇಳಿದ್ದನ್ನೇ ಹೇಳುವುದು, ಗ್ಯಾಸ್ ಒಲೆ ಆರಿಸದೆ ಅಂಗಳಕ್ಕೆ ಹೋಗುವುದು, ಸಂಘದ ಉಳಿತಾಯದ ಲೆಕ್ಕ ತಪ್ಪುವುದು. ಜನವರಿಯಲ್ಲಿ ತಪಾಸಣೆ ಆಯಿತು. ಥೈರಾಯ್ಡ್ ಮತ್ತು ಬಿ12 ಸರಿಯಾಗಿದ್ದವು. ಹಿಮೋಗ್ಲೋಬಿನ್ 11.8, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ 0.9, ಸೋಡಿಯಂ 138. ಎಂಆರ್‌ಐಯಲ್ಲಿ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ (ಹೊಸ ನೆನಪು ಕೂಡಿಡುವ ಭಾಗ) ಕುಗ್ಗಿತ್ತು. ನೆನಪು, ಗಮನ, ಭಾಷೆ ಅಳೆಯುವ ಮೋಕಾ ಪರೀಕ್ಷೆಯಲ್ಲಿ 30ಕ್ಕೆ 17.

ಈ 17ನ್ನು ಹೇಗೆ ಓದಬೇಕೆಂಬುದು ಕರಾವಳಿಯಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ. ಪರೀಕ್ಷೆ ಕನ್ನಡದಲ್ಲಿ ನಡೆದಿತ್ತು, ಅವರು ಯೋಚಿಸುವುದು ತುಳುವಿನಲ್ಲಿ. ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ನಿಮಿಷದಲ್ಲಿ ಹೇಳುವ ಭಾಗದಲ್ಲಿ, ಶಾಲೆ ಬಿಟ್ಟು ಅರವತ್ತು ವರ್ಷವಾದವರು ಮಿದುಳು ಚೆನ್ನಾಗಿದ್ದರೂ ಅಂಕ ಕಳೆದುಕೊಳ್ಳುತ್ತಾರೆ. ಆದರೆ ಐದು ಪದಗಳನ್ನು ಸ್ವಲ್ಪ ಹೊತ್ತಿನ ಬಳಿಕ ನೆನಪಿಸಿಕೊಳ್ಳುವ ಭಾಗದಲ್ಲಿ ಒಂದೂ ಬರಲಿಲ್ಲ, ಸುಳಿವು ಕೊಟ್ಟರೂ ಬರಲಿಲ್ಲ. ಅದಕ್ಕೆ ಭಾಷೆ ಕಾರಣವಲ್ಲ. ಆಲ್ಝೈಮರ್‌ನ ಆರಂಭಿಕ ಹಂತ ಎಂದು ತೀರ್ಮಾನಿಸಿ ಮರೆವಿನ ಔಷಧವಾದ ಡೊನೆಪೆಝಿಲ್ 5 ಮಿ.ಗ್ರಾಂ ಶುರುಮಾಡಲಾಯಿತು.

ಹಿರಿಯ ಮಗ ತಂದ ಡಬ್ಬಿ

ಫೆಬ್ರವರಿಯಲ್ಲಿ ರಜೆಗೆ ಬಂದ ಹಿರಿಯ ಮಗ 400 ಮಿ.ಗ್ರಾಂ ಐಬುಪ್ರೊಫೆನ್‌ನ ದೊಡ್ಡ ಡಬ್ಬಿ ತಂದಿದ್ದರು. ಸಂಧಿವಾತದ ಮಾತ್ರೆ ತಿನ್ನುವವರಿಗೆ ಆಲ್ಝೈಮರ್ ಬರುವುದು ಕಡಿಮೆ ಎಂದು ಓದಿದ್ದರು. ದೊಡ್ಡಮ್ಮನಿಗೂ ಇದೇ ಕಾಯಿಲೆ ಇದ್ದದ್ದರಿಂದ ತಾವೂ ದಿನಕ್ಕೊಂದು ನುಂಗುತ್ತಿದ್ದರು. ಅಮ್ಮನಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಹೇಳಿ ಹೋದರು. ವೈದ್ಯರನ್ನು ಕೇಳಲಿಲ್ಲ. ನೋವಿನ ಮಾತ್ರೆಗೆ ಏನು ಕೇಳುವುದು ಎಂಬ ಭಾವನೆ ಅವರೊಬ್ಬರದೇ ಅಲ್ಲ.

ಅದೇ ಹೊತ್ತಿಗೆ ಸೊಸೆ ಪೇಟೆಯ ಮೆಡಿಕಲ್‌ನಿಂದ ಮೊಣಕಾಲು ನೋವಿಗೆಂದು ಅಸೆಕ್ಲೊಫೆನಾಕ್ 100 ಮತ್ತು ಪ್ಯಾರಾಸಿಟಮಾಲ್ 325 ಸೇರಿದ ಮಾತ್ರೆಯನ್ನು ದಿನಕ್ಕೆ ಎರಡರಂತೆ ತಂದು ಕೊಡುತ್ತಿದ್ದರು. ಐಬುಪ್ರೊಫೆನ್ ಮಿದುಳಿಗೆ, ಇದು ಕಾಲಿಗೆ ಎಂಬುದು ಮನೆಯ ಲೆಕ್ಕ. ಎರಡೂ ಒಂದೇ ಗುಂಪಿನವು, ನೋವು ಮತ್ತು ಉರಿಯೂತ ತಗ್ಗಿಸುವ ಆ ಗುಂಪನ್ನು ವೈದ್ಯರು ಎನ್‌ಸೇಡ್ ಎನ್ನುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ಬ್ರಾಂಡ್ ಹೆಸರು ದೊಡ್ಡದಾಗಿಯೂ ಒಳಗಿನ ಔಷಧದ ಹೆಸರು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿಯೂ ಇರುವ ಸ್ಟ್ರಿಪ್ ನೋಡಿ ಮನೆಯವರಿಗೆ ಅದು ತಿಳಿಯಲು ದಾರಿಯೂ ಇರಲಿಲ್ಲ.

ಮೂರು ವಾರದಲ್ಲಿ ಅಮ್ಮ ಗೆಲುವಾದರು. ರಾತ್ರಿ ನಿದ್ದೆ ಬಂತು, ಬೆಳಿಗ್ಗೆ ಅಂಗಳ ಗುಡಿಸಿದರು, ನೆರೆಮನೆಗೆ ಹೋಗಿ ಮಾತಾಡಿ ಬಂದರು. ಮಿದುಳಿನ ಮದ್ದು ಹಿಡಿಯಿತು ಎಂದು ಮನೆಯವರೆಲ್ಲ ನಂಬಿದರು.

ಪ್ರಕರಣದ ಮೊದಲ ತಿರುವು ಇದು. ಗೆಲುವು ಸುಳ್ಳಲ್ಲ, ಆದರೆ ಅದರ ಮೂಲ ಮೊಣಕಾಲು. ನೋವು ತಗ್ಗಿದರೆ ನಿದ್ದೆ ಸುಧಾರಿಸುತ್ತದೆ. ನಿದ್ದೆ ಸುಧಾರಿಸಿದರೆ ಮರುದಿನದ ಗಮನ ಸುಧಾರಿಸುತ್ತದೆ. ನಡೆಯಲು ಬಂದರೆ ಜನರ ಜೊತೆ ಮಾತು ಬೆಳೆಯುತ್ತದೆ. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರಲ್ಲಿ ನೋವು ಎಷ್ಟೋ ಸಲ ದೂರಿನ ರೂಪದಲ್ಲಿ ಬಾಯಿಗೆ ಬರುವುದಿಲ್ಲ, ಮಂಕಾಗಿಯೋ ಸಿಡುಕಾಗಿಯೋ ಕಾಣುತ್ತದೆ. ಸಾಲದ್ದಕ್ಕೆ ಡೊನೆಪೆಝಿಲ್ ಕೂಡ ಅದೇ ತಿಂಗಳುಗಳಲ್ಲಿ ಕೆಲಸ ಶುರುಮಾಡಿತ್ತು. ಎರಡು ಬದಲಾವಣೆ ಒಟ್ಟಿಗೆ ಮಾಡಿ, ಫಲ ಬಂದಾಗ ಮೂರನೆಯ ಕಾರಣಕ್ಕೆ ಹೊಗಳಿಕೆ ಕೊಟ್ಟ ಹಾಗಾಯಿತು.

ಬಿಪಿ ಏರಿತು, ಮಾತ್ರೆ ಏರಿತು

ಮಾರ್ಚ್ ನಡುವಿನಲ್ಲಿ ಪಾದ ಊದಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಬಿಪಿ 164/92. ಅಲ್ಲಿ ಟೆಲ್ಮಿಸಾರ್ಟನ್ ಅನ್ನು 80ಕ್ಕೆ ಏರಿಸಿದರು. ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಾಝೈಡ್ ಹಾಗೇ ಉಳಿಯಿತು. ಬೇರೆ ಏನು ಮಾತ್ರೆ ತಿನ್ನುತ್ತೀರಿ ಎಂದು ಕೇಳಿದ್ದಕ್ಕೆ ಸೊಸೆ ‘ಮರೆವಿನದ್ದು ಒಂದು’ ಎಂದು ಡೊನೆಪೆಝಿಲ್ ತೋರಿಸಿದ್ದರು. ನೋವಿನ ಮಾತ್ರೆ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. ಇಂಥ ಕಡೆ ‘ಬೇರೆ ಮಾತ್ರೆ ಇದೆಯೇ’ ಎಂದು ಕೇಳಿ ಸುಮ್ಮನಾದರೆ ಸಾಲದು. ಕಾಲು ನೋವಿಗೆ, ತಲೆನೋವಿಗೆ, ಗ್ಯಾಸಿಗೆ, ನಿದ್ದೆಗೆ ಏನು ಕೊಡುತ್ತೀರಿ ಎಂದು ಒಂದೊಂದಾಗಿ ಕೇಳಬೇಕು.

ಎನ್‌ಸೇಡ್‌ಗಳು ದೇಹದಲ್ಲಿ ಉಪ್ಪು, ನೀರು ಉಳಿಸುತ್ತವೆ. ಅದರಿಂದ ಬಿಪಿ ಏರುತ್ತದೆ, ಪಾದ ಊದುತ್ತದೆ, ಬಿಪಿ ಮಾತ್ರೆಯ ಬಲವೂ ತಗ್ಗುತ್ತದೆ. ಒಂದು ಔಷಧದ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆ ಎಂದು ಭಾವಿಸಿ ಇನ್ನೊಂದು ಔಷಧ ಸೇರಿಸುವುದು ವಯಸ್ಸಾದವರ ಚಿಕಿತ್ಸೆಯಲ್ಲಿ ಹೊಸತಲ್ಲ. ಇಲ್ಲಿ ಅದು ಮೂತ್ರಪಿಂಡವನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಮೂತ್ರಪಿಂಡದ ಜರಡಿಗೆ ರಕ್ತ ತರುವ ಕಿರುನಾಳವನ್ನು ತೆರೆದಿಡುವುದು ಪ್ರೊಸ್ಟಗ್ಲ್ಯಾಂಡಿನ್ ಎಂಬ ದೇಹದ ರಾಸಾಯನಿಕ. ಎನ್‌ಸೇಡ್ ಅದನ್ನು ತಡೆಯುತ್ತದೆ. ಜರಡಿಯಿಂದ ರಕ್ತ ಹೊರಹೋಗುವ ನಾಳವನ್ನು ಟೆಲ್ಮಿಸಾರ್ಟನ್ ಸಡಿಲಿಸುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಒಟ್ಟು ನೀರನ್ನೇ ಇಳಿಸುತ್ತದೆ. ಮೂರೂ ಕೂಡಿದಾಗ ಜರಡಿಯಲ್ಲಿ ಒತ್ತಡವೇ ನಿಲ್ಲುವುದಿಲ್ಲ. ಆರಾಮವಾಗಿ ಉಂಡು ಕುಡಿಯುವ ದಿನಗಳಲ್ಲಿ ಇದು ಹೊರಗೆ ಕಾಣದೆ ಹೋಗಬಹುದು.

ಮೇ ತಿಂಗಳ ಸೆಕೆ

ಮೇ ಎರಡನೆಯ ವಾರ ಎರಡು ದಿನ ಭೇದಿಯಾಯಿತು. ಗಂಜಿಯೂ ಸೇರಲಿಲ್ಲ. ಶಕ್ತಿ ಬರಲೆಂದು ದಿನಕ್ಕೆ ಮೂರು ಬೊಂಡದ ನೀರು (ಎಳನೀರು) ಕುಡಿಸಿದರು. ಮಾತ್ರೆಗಳನ್ನು ಒಂದೂ ತಪ್ಪಿಸಲಿಲ್ಲ. ಮೂರನೆಯ ದಿನ ಅಮ್ಮ ಹಗಲಲ್ಲಿ ತೂಕಡಿಸಿದರು, ರಾತ್ರಿ ಗೋಡೆಯ ಹತ್ತಿರ ಯಾರೋ ನಿಂತಿದ್ದಾರೆ ಎಂದರು, ಬಟ್ಟೆಯಲ್ಲೇ ಮೂತ್ರ ಹೋಯಿತು. ವಿಡಿಯೊ ಕರೆಯಲ್ಲಿ ನೋಡಿದ ಹಿರಿಯ ಮಗ ಕಾಯಿಲೆ ಮುಂದುವರಿದಿದೆ ಎಂದುಕೊಂಡು ಐಬುಪ್ರೊಫೆನ್ ಮೂರು ಹೊತ್ತು ಕೊಡಲು ಹೇಳಿದರು.

ಹೀಗೆ ಅದೇ ಮಾತ್ರೆಯನ್ನು ಎರಡನೆಯ ಸಲ ತಪ್ಪಾಗಿ ಓದಲಾಯಿತು. ಮೊದಲು ಮೊಣಕಾಲಿನ ಗೆಲುವನ್ನು ಮಿದುಳಿನ ಗೆಲುವೆಂದರು. ಈಗ ಮೂತ್ರಪಿಂಡ ಮತ್ತು ಹೊಟ್ಟೆಯ ಸೋಲನ್ನು ಮಿದುಳಿನ ಸೋಲೆಂದರು. ಎರಡು ಸಲವೂ ಉತ್ತರ ಅದೇ ಡಬ್ಬಿ.

ಸರಿಯಾಗಿ ಓದಿದವರು ಸೊಸೆ. ಆಸ್ಪತ್ರೆಯಲ್ಲಿ ಅವರು ಹೇಳಿದ್ದು ಇಷ್ಟು: ‘ಮರೆವು ಮೊದ್ಲೇ ಉಂಟು ಡಾಕ್ಟ್ರೇ. ಆದ್ರೆ ಶುಕ್ರವಾರದವರೆಗೆ ಅತ್ತೆಯೇ ಅಂಗಳ ಗುಡಿಸ್ತಿದ್ರು. ಈಗ ನಾನು ಯಾರಂತ ಕೇಳ್ತಾರೆ. ಬೆಳಿಗ್ಗೆ ಒಮ್ಮೆ ಸರಿ ಇರ್ತಾರೆ, ಸಂಜೆ ಪೂರಾ ಬೇರೆಯೇ.’ ಆಲ್ಝೈಮರ್ ಶುಕ್ರವಾರದಿಂದ ಸೋಮವಾರಕ್ಕೆ ಇಷ್ಟು ಇಳಿಯುವುದಿಲ್ಲ. ಅದರ ಇಳಿಕೆಯನ್ನು ತಿಂಗಳುಗಳಲ್ಲಿ ಅಳೆಯಬೇಕು. ದಿನಗಳಲ್ಲಿ ಬಂದದ್ದು, ಹೊತ್ತಿನಿಂದ ಹೊತ್ತಿಗೆ ಏರಿಳಿಯುವುದು, ಗಮನ ನಿಲ್ಲದಿರುವುದು, ತೂಕಡಿಕೆ: ಇಷ್ಟಿದ್ದರೆ ಬೇರೆ ಕಾರಣ ತೋರುವವರೆಗೆ ಅದು ಡೆಲಿರಿಯಂ, ಅಂದರೆ ದೇಹದ ಬೇರೆ ತೊಂದರೆಯಿಂದ ದಿಢೀರನೆ ಕವಿಯುವ ಮಂಕು. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಲು ತುಳುವಿನಲ್ಲೇ ಕೇಳಿದರೂ ಎರಡನೆಯ ದಿನಕ್ಕೇ ಎಳೆ ತಪ್ಪಿತು. ಜನವರಿಯಲ್ಲಿ ಅದನ್ನು ತಡವರಿಸದೆ ಹೇಳಿದ್ದರು.

ದಾಖಲಾದಾಗ ಬಿಪಿ 98/60, ನಾಡಿ 88. ಹೊಟ್ಟೆಯೊಳಗೆ ರಕ್ತ ಹೋಗುತ್ತಿರುವವರಿಗೆ 88 ಕಡಿಮೆಯೇ; ಡೊನೆಪೆಝಿಲ್ ನಾಡಿಯನ್ನು ನಿಧಾನಗೊಳಿಸುವುದರಿಂದ ಆ ಅಂಕಿಯನ್ನು ನಂಬಿ ನೆಮ್ಮದಿಪಡುವಂತಿರಲಿಲ್ಲ. ಹಿಮೋಗ್ಲೋಬಿನ್ 8.1, ಕ್ರಿಯಾಟಿನಿನ್ 2.6, ಸೋಡಿಯಂ 127, ಪೊಟ್ಯಾಶಿಯಂ 5.9. ಮಲ ಡಾಂಬರಿನಂತೆ ಕಪ್ಪಾಗಿತ್ತು, ಹೊಟ್ಟೆನೋವಿನ ಸುಳಿವೇ ಇರಲಿಲ್ಲ. ವಯಸ್ಸಾದವರಲ್ಲಿ ಎನ್‌ಸೇಡ್ ಹುಣ್ಣು ನೋವೇ ಇಲ್ಲದೆ ನೇರವಾಗಿ ರಕ್ತಸ್ರಾವವಾಗಿ ಕಾಣಿಸುವುದುಂಟು. ಡೊನೆಪೆಝಿಲ್ ಹೊಟ್ಟೆಯ ಆಮ್ಲವನ್ನು ಹೆಚ್ಚಿಸುತ್ತದೆ. ಎನ್‌ಸೇಡ್ ಹೊಟ್ಟೆಯ ಒಳಪದರದ ರಕ್ಷಣೆಯನ್ನು ಕಳಚುತ್ತದೆ. ಮರೆವಿನ ಚಿಕಿತ್ಸೆಯಲ್ಲಿರುವವರಿಗೆ ನೋವಿನ ಮಾತ್ರೆ ಹೆಚ್ಚು ಕೆಟ್ಟದ್ದು ಏಕೆ ಎಂಬುದಕ್ಕೆ ಇದು ಒಂದು ಕಾರಣ, ಮೆಡಿಕಲ್ ಕೌಂಟರಿನಲ್ಲಿ ಯಾರೂ ಹೇಳದ ಕಾರಣ.

ಬೊಂಡದ ವಿಚಾರವನ್ನೂ ಇಲ್ಲಿ ಹೇಳಬೇಕು. ಭೇದಿಯಾದ ಆರೋಗ್ಯವಂತರಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಶಿಯಂ ಧಾರಾಳ, ಸೋಡಿಯಂ ಕಡಿಮೆ. ಪೊಟ್ಯಾಶಿಯಂ ಹೊರಹೋಗುವುದನ್ನು ಟೆಲ್ಮಿಸಾರ್ಟನ್, ಎನ್‌ಸೇಡ್, ಸೋತ ಮೂತ್ರಪಿಂಡ ಮೂರೂ ತಡೆದಿರುವಾಗ ದಿನಕ್ಕೆ ಮೂರು ಬೊಂಡ ಅಪಾಯವನ್ನು ಏರಿಸುತ್ತದೆ. ಇಂಥವರಿಗೆ ಒಆರ್‌ಎಸ್ ಸರಿ, ಅದೂ ಮೂತ್ರ ಹೋಗುತ್ತಿದೆಯೇ ಎಂದು ಗಮನಿಸಿಕೊಂಡು.

ಆಸ್ಪತ್ರೆಯಲ್ಲಿ ಮಾಡಿದ್ದು

ಎರಡೂ ನೋವಿನ ಮಾತ್ರೆ, ಬಿಪಿ ಮಾತ್ರೆ ನಿಂತವು. ಡೊನೆಪೆಝಿಲ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಯಿತು. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಝೋಲ್ ಅನ್ನು ರಕ್ತನಾಳದ ಮೂಲಕ ಕೊಡಲಾಯಿತು. ಸಲೈನ್ ಹಾಕುವಾಗ ಸೋಡಿಯಂ 24 ಗಂಟೆಯಲ್ಲಿ 8ಕ್ಕಿಂತ ಹೆಚ್ಚು ಏರಬಾರದೆಂದು ಮಿತಿ ಇಟ್ಟುಕೊಂಡು ಆರು ಗಂಟೆಗೊಮ್ಮೆ ಅಳೆದರು. ಬೇಗ ಏರಿದರೆ ಮಿದುಳಿಗೆ ಬೇರೆಯೇ ಹಾನಿ. ಇಸಿಜಿಯಲ್ಲಿ ಪೊಟ್ಯಾಶಿಯಂನ ಗುರುತು ಇರಲಿಲ್ಲ, ಮೂತ್ರ ಬರಲು ಶುರುವಾದ ಮೇಲೆ ಅದು ತಾನಾಗಿ ಇಳಿಯಿತು. ನೀರು ತುಂಬಿದ ಬಳಿಕ ಹಿಮೋಗ್ಲೋಬಿನ್ 6.9 ತೋರಿತು, ಒಂದು ಯೂನಿಟ್ ರಕ್ತ ಕೊಟ್ಟರು. ಎಂಡೊಸ್ಕೊಪಿಯಲ್ಲಿ ಜಠರದ ಕೆಳಭಾಗದಲ್ಲಿ ಹುಣ್ಣು ಸಿಕ್ಕಿತು. ಹುಣ್ಣು ತರುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇಲ್ಲ ಎಂದು ಬಂದರೂ ರಕ್ತಸ್ರಾವದ ಹೊತ್ತಿನಲ್ಲಿ ಆ ಪರೀಕ್ಷೆ ತಪ್ಪಬಹುದಾದ್ದರಿಂದ ಎಂಟು ವಾರದ ಬಳಿಕ ಎಂಡೊಸ್ಕೊಪಿಯ ಜೊತೆ ಮತ್ತೊಮ್ಮೆ ಎಂದು ಬರೆದಿಟ್ಟರು.

ಎರಡನೆಯ ರಾತ್ರಿ ಡ್ರಿಪ್ ಕಿತ್ತು ಎದ್ದು ಹೋಗಲು ನೋಡಿದರು. ಕಟ್ಟಿ ಹಾಕುವುದೋ, ಶಾಂತಗೊಳಿಸುವ ಹಾಲೊಪೆರಿಡಾಲ್ ಸೂಜಿಯೋ ಎಂಬ ಚರ್ಚೆ ನಡೆದು ಎರಡನ್ನೂ ಬಿಡಲಾಯಿತು. ಕನ್ನಡಕ ಮನೆಯಿಂದ ತರಿಸಿದರು. ಮೂತ್ರದ ನಳಿಕೆ ತೆಗೆದರು. ರಾತ್ರಿಪಾಳಿಗೆ ತುಳು ಮಾತಾಡುವ ಆಯಾ ಬಂದರು. ಹಗಲಲ್ಲಿ ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂರಿಸಿದರು, ರಾತ್ರಿ ದೀಪ ತಗ್ಗಿಸಿ ಬಿಪಿ ನೋಡುವ ನೆಪದಲ್ಲಿ ಎಬ್ಬಿಸುವುದನ್ನು ಕಡಿಮೆ ಮಾಡಿದರು. ನಾಲ್ಕನೆಯ ದಿನ ಸೊಸೆಯ ಹೆಸರು ಹಿಡಿದು ಕರೆದರು. ಮಂಕು ಪೂರ್ತಿ ತಿಳಿಯಾಗಲು ಮಾತ್ರ ಮನೆಗೆ ಹೋದ ಮೇಲೂ ಸುಮಾರು ನಾಲ್ಕು ವಾರ ಬೇಕಾಯಿತು. ಡೆಲಿರಿಯಂನ ಕಾರಣ ಸರಿಯಾದ ಮರುದಿನವೇ ಮಿದುಳು ಸರಿಹೋಗುವುದಿಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿದ್ದು ಉಪಯೋಗಕ್ಕೆ ಬಂತು.

ಹಿರಿಯ ಮಗನ ಪ್ರಶ್ನೆ

ಅವರು ಓದಿದ್ದು ಕಟ್ಟುಕತೆಯಲ್ಲ. ‘ಅದೆಲ್ಲ ಸುಳ್ಳು’ ಎಂದು ಹೇಳಿ ಕಳಿಸಿದ್ದರೆ ಮತ್ತೆ ಡಬ್ಬಿ ಬರುತ್ತಿತ್ತು. ಫೋನಿನಲ್ಲಿ ಮುಕ್ಕಾಲು ಗಂಟೆ ಕೊಟ್ಟು ಪೂರ್ತಿ ಚಿತ್ರ ಹೇಳಲಾಯಿತು, ಚಿಕಿತ್ಸೆಯ ಭಾಗವೆಂದೇ.

ಸಂಧಿವಾತ ಇರುವವರಲ್ಲಿ ಆಲ್ಝೈಮರ್ ಕಡಿಮೆ ಕಾಣುತ್ತದೆ ಎಂಬ ಗಮನಿಕೆ 1990ರಲ್ಲೇ ಪ್ರಕಟವಾಗಿತ್ತು. 1993ರಲ್ಲಿ ಇಂಡೊಮೆಥಸಿನ್ ಎಂಬ ಎನ್‌ಸೇಡ್‌ನ ಒಂದು ಚಿಕ್ಕ ಪ್ರಯೋಗ ಆಶೆ ಹುಟ್ಟಿಸಿತು, ಹೊಟ್ಟೆಯ ತೊಂದರೆಯಿಂದ ಹಲವರು ನಡುವೆಯೇ ಬಿಟ್ಟರೂ. 2001ರಲ್ಲಿ ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮ್ ಅಧ್ಯಯನ 55 ದಾಟಿದ 6,989 ಜನರನ್ನು ಸರಾಸರಿ 6.8 ವರ್ಷ ಹಿಂಬಾಲಿಸಿ, ಎರಡು ವರ್ಷ ಅಥವಾ ಹೆಚ್ಚು ಕಾಲ ಎನ್‌ಸೇಡ್ ತಿಂದವರಲ್ಲಿ ಆಲ್ಝೈಮರ್ ಅಪಾಯ ಐದರಲ್ಲೊಂದು ಪಾಲಿಗೆ ಇಳಿದದ್ದನ್ನು ಕಂಡಿತು. ಆದರೆ ಆ 0.20 ಎಂಬ ಅಂಕಿಯ ಸುತ್ತಲಿನ ವ್ಯಾಪ್ತಿ 0.05ರಿಂದ 0.83. ಅಂದರೆ ಅಂದಾಜು ತೀರಾ ಸಡಿಲ. ಐಬುಪ್ರೊಫೆನ್ ತಿಂದ ಇಲಿಗಳ ಮಿದುಳಿನಲ್ಲಿ ಅಮಿಲಾಯ್ಡ್ ಗಡ್ಡೆ (ಆಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಸೇರುವ ಪ್ರೋಟೀನ್) ಕಡಿಮೆಯಾದ ವರದಿಯೂ ಆ ಕಾಲದ್ದೇ.

ಬಳಿಕ ನಿಜವಾದ ಪರೀಕ್ಷೆಗಳು ಬಂದವು. ಚೀಟಿ ಎತ್ತಿದ ಹಾಗೆ ಕೆಲವರಿಗೆ ಔಷಧ, ಉಳಿದವರಿಗೆ ಔಷಧದಂತೆ ಕಾಣುವ ಖಾಲಿ ಮಾತ್ರೆ. 2003ರಲ್ಲಿ ಆಲ್ಝೈಮರ್ ಇದ್ದ 351 ಜನರಲ್ಲಿ ರೊಫೆಕಾಕ್ಸಿಬ್ ಮತ್ತು ನ್ಯಾಪ್ರೊಕ್ಸೆನ್ ಎಂಬ ಎನ್‌ಸೇಡ್‌ಗಳು ಒಂದು ವರ್ಷದಲ್ಲಿ ಇಳಿಕೆಯನ್ನು ತಡೆಯಲಿಲ್ಲ. 2005ರಲ್ಲಿ, ಅಲ್ಪ ಮರೆವಿನ ಹಂತದ 1,457 ಜನರಲ್ಲಿ ರೊಫೆಕಾಕ್ಸಿಬ್ ತಿಂದವರು ವರ್ಷಕ್ಕೆ ಶೇ. 6.4ರಂತೆ ಆಲ್ಝೈಮರ್‌ಗೆ ಜಾರಿದರು, ಖಾಲಿ ಮಾತ್ರೆಯವರು ಶೇ. 4.5ರಂತೆ. ಅಡಾಪ್ಟ್ ಪ್ರಯೋಗದಲ್ಲಿ ಕುಟುಂಬದಲ್ಲಿ ಕಾಯಿಲೆಯಿದ್ದ, 70 ದಾಟಿದ, ಮರೆವಿಲ್ಲದ 2,528 ಜನ ಇದ್ದರು. ಈ ಮನೆಯವರ ಪ್ರಶ್ನೆಗೆ ಅತಿ ಹತ್ತಿರದ ಪರೀಕ್ಷೆ ಅದು. ಹೃದಯದ ಅಪಾಯದ ಶಂಕೆಯಿಂದ 2004ರ ಡಿಸೆಂಬರ್‌ನಲ್ಲಿ ಔಷಧ ನಿಲ್ಲಿಸಲಾಯಿತು. ನ್ಯಾಪ್ರೊಕ್ಸೆನ್ ಆಗಲಿ ಅದೇ ಗುಂಪಿನ ಸೆಲೆಕಾಕ್ಸಿಬ್ ಆಗಲಿ ಕಾಯಿಲೆ ತಡೆದ ಪುರಾವೆ ಸಿಗಲಿಲ್ಲ. 2019ರಲ್ಲಿ ಅಂಥದೇ ಕುಟುಂಬದ ಹಿನ್ನೆಲೆಯ 195 ಜನರಿಗೆ ಎರಡು ವರ್ಷ ನ್ಯಾಪ್ರೊಕ್ಸೆನ್ ಕೊಟ್ಟಾಗ ಲಾಭ ಕಾಣಲಿಲ್ಲ, ಅಡ್ಡ ಪರಿಣಾಮ ಮಾತ್ರ ಹೆಚ್ಚು. 19,114 ಹಿರಿಯರ ಆಸ್ಪ್ರೀ ಪ್ರಯೋಗದಲ್ಲಿ ದಿನಕ್ಕೆ 100 ಮಿ.ಗ್ರಾಂ ಆಸ್ಪಿರಿನ್ ಡಿಮೆನ್ಷಿಯಾ ತಗ್ಗಿಸಲಿಲ್ಲ, ದೊಡ್ಡ ರಕ್ತಸ್ರಾವ ಹೆಚ್ಚಿಸಿತು.

‘ಹಾಗಾದರೆ ರೋಟರ್‌ಡ್ಯಾಮ್‌ನಲ್ಲಿ ಕಂಡದ್ದೇನು?’ ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಆಲ್ಝೈಮರ್‌ನ ಬದಲಾವಣೆಗಳು ಮಿದುಳಿನಲ್ಲಿ ಮರೆವಿಗಿಂತ ಹದಿನೈದು-ಇಪ್ಪತ್ತು ವರ್ಷ ಮೊದಲೇ ಶುರುವಾಗುತ್ತವೆ. ಮಬ್ಬು ಕವಿಯುತ್ತಿರುವವರು ನೋವು ಹೇಳಿಕೊಳ್ಳುವುದು ಕಡಿಮೆಯಾದರೆ ಮಾತ್ರೆ ಪಡೆಯುವುದೂ ಕಡಿಮೆಯಾಗುತ್ತದೆ. ಆಗ ಮಾತ್ರೆ ತಿನ್ನದವರಿಗೆ ಕಾಯಿಲೆ ಬಂದಂತೆ ಕಾಣುತ್ತದೆ, ನಿಜದಲ್ಲಿ ಕಾಯಿಲೆಯಿಂದಲೇ ಮಾತ್ರೆ ತಪ್ಪಿರುತ್ತದೆ. ಇದರ ಮೇಲೆ ವಯಸ್ಸಿನ ಆಟವೂ ಇದೆ. ಸಿಯಾಟಲ್‌ನ 2,736 ಹಿರಿಯರ ಅಧ್ಯಯನದಲ್ಲಿ 2009ರಲ್ಲಿ ಕಂಡದ್ದು ತಿರುಗುಮುರುಗು: ಎನ್‌ಸೇಡ್ ಹೆಚ್ಚು ತಿಂದವರಲ್ಲೇ ಡಿಮೆನ್ಷಿಯಾ ಹೆಚ್ಚು. ಅದೇ ಗುಂಪಿನಲ್ಲಿ ತೀರಿಕೊಂಡವರ ಮಿದುಳು ಪರೀಕ್ಷಿಸಿದಾಗ ಹೆಚ್ಚು ತಿಂದವರಲ್ಲಿ ಆಲ್ಝೈಮರ್‌ನ ಗುರುತಾದ ನ್ಯೂರಿಟಿಕ್ ಗಡ್ಡೆಗಳೂ ಹೆಚ್ಚಿದ್ದವು. ಔಷಧ ಕಾಯಿಲೆಯನ್ನು ಮುಂದೂಡುತ್ತದೆಯೇ ಹೊರತು ತಪ್ಪಿಸುವುದಿಲ್ಲ, ಆದ್ದರಿಂದ ಚಿಕ್ಕ ವಯಸ್ಸಿನ ಗುಂಪಿನಲ್ಲಿ ಲಾಭವೂ ಇಳಿವಯಸ್ಸಿನ ಗುಂಪಿನಲ್ಲಿ ನಷ್ಟವೂ ಕಾಣುತ್ತದೆ ಎಂದು ಕೆಲವು ಸಂಶೋಧಕರು ವಿವರಿಸಿದ್ದಾರೆ. ಆ ವಿವರಣೆಯನ್ನು ಒಪ್ಪಿದರೂ 74ರ ಅಮ್ಮನಿಗೆ ಅದರಿಂದ ಏನೂ ಸಿಗುವುದಿಲ್ಲ.

ಉರಿಯೂತವೆಂದರೆ ಬರೀ ಕೆಡುಕು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಮಿದುಳನ್ನು ಕಾಯುವ ಮೈಕ್ರೊಗ್ಲಿಯಾ ಕೋಶಗಳು ಅಮಿಲಾಯ್ಡ್ ಸುತ್ತುವರಿದು ನುಂಗುವ ಕೆಲಸವನ್ನೂ ಮಾಡುತ್ತವೆ. ಆ ಕೋಶಗಳ ಟ್ರೆಮ್2 ಎಂಬ ಜೀನ್‌ನಲ್ಲಿನ ಒಂದು ಅಪರೂಪದ ದೋಷ ಆಲ್ಝೈಮರ್ ಅಪಾಯ ಏರಿಸುತ್ತದೆ ಎಂದು 2013ರ ಹೊತ್ತಿಗೆ ಗೊತ್ತಾಯಿತು. ಅಂದರೆ ಕಾವಲು ದುರ್ಬಲವಾದರೂ ಕಾಯಿಲೆ ಬರುತ್ತದೆ. ಮೇಲಾಗಿ ಐಬುಪ್ರೊಫೆನ್ ರಕ್ತದಿಂದ ಮಿದುಳಿಗೆ ದಾಟುವುದು ಅಲ್ಪವೇ.

ಹಿರಿಯ ಮಗ ತಮ್ಮ ಮಾತ್ರೆಯನ್ನೂ ನಿಲ್ಲಿಸಲು ಒಪ್ಪಿದರು. ಅವರಿಗೆ ಕೊಟ್ಟ ಬದಲಿ ಕೆಲಸ ಬಿಪಿ, ಸಕ್ಕರೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಪರೀಕ್ಷೆ ಮತ್ತು ಸಿಗರೇಟು ಬಿಡುವುದು. 2024ರ ಲ್ಯಾನ್ಸೆಟ್ ಆಯೋಗದ ವರದಿ ಬದಲಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಈ ನಾಲ್ಕೂ ಅದರಲ್ಲಿವೆ.

ಒಂದು ಎಚ್ಚರಿಕೆಯನ್ನು ಅವರಿಗೂ ಹೇಳಲಾಯಿತು: ಹೃದಯಾಘಾತ ಅಥವಾ ಸ್ಟೆಂಟ್ ಆದವರು ವೈದ್ಯರು ಬರೆದ ಆಸ್ಪಿರಿನ್ ಅನ್ನು ಇದನ್ನೋದಿ ನಿಲ್ಲಿಸಬಾರದು. ಅಲ್ಲಿ ಲೆಕ್ಕವೇ ಬೇರೆ.

ಮೊಣಕಾಲಿಗೆ ಏನು?

ನೋವಿನ ಮಾತ್ರೆ ಕಿತ್ತುಕೊಂಡು ನೋವನ್ನು ಹಾಗೇ ಬಿಟ್ಟರೆ ತಿಂಗಳೊಳಗೆ ಮೆಡಿಕಲ್‌ನಿಂದ ಇನ್ನೊಂದು ಸ್ಟ್ರಿಪ್ ಬರುತ್ತದೆ. ಆದ್ದರಿಂದ ಮನೆಗೆ ಕಳಿಸುವ ಮುಂಚೆಯೇ ವ್ಯವಸ್ಥೆ ಆಯಿತು. ಪ್ಯಾರಾಸಿಟಮಾಲ್ 650 ಮಿ.ಗ್ರಾಂ ಬೆಳಿಗ್ಗೆ, ರಾತ್ರಿ ನಿಗದಿಯಾಗಿ. ತೀರಾ ನೋವಿದ್ದರೆ ಮಧ್ಯಾಹ್ನ ಮೂರನೆಯದು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಎತ್ತಿ ಐದು ಎಣಿಸುವವರೆಗೆ ಹಿಡಿಯುವ ವ್ಯಾಯಾಮ, ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆರಡು ಬಾರಿ. ಮರೆವು ಇರುವುದರಿಂದ ಊಟಕ್ಕೆ ಕೂರುವ ಮುಂಚೆ ಎಂದು ಕಟ್ಟಿಹಾಕಿದ್ದು ಕೆಲಸ ಮಾಡಿತು. ಕೋಲು ಎಡಗೈಯಲ್ಲಿ, ನೋವಿರುವ ಬಲಗಾಲಿನ ಎದುರು ಬದಿಗೆ; ಮನೆಯಲ್ಲಿ ಬಲಗೈಗೆ ಕೊಟ್ಟಿದ್ದರು. ಹಚ್ಚುವ ಡೈಕ್ಲೊಫೆನಾಕ್ ಜೆಲ್ ರಕ್ತಕ್ಕೆ ಸೇರುವುದು ಅತ್ಯಲ್ಪವಾದರೂ ಹುಣ್ಣು ಮಾಯುವವರೆಗೆ ಅದನ್ನೂ ಮುಂದೂಡಿದರು.

ಮನೆಯ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತರಿಸಿ ಮೇಜಿನ ಮೇಲೆ ಸುರಿದಾಗ ಇನ್ನೊಂದು ಸ್ಟ್ರಿಪ್ ಸಿಕ್ಕಿತು, ಹೊಟ್ಟೆನೋವಿಗೆಂದು ತಂದ ಮೆಫೆನಮಿಕ್ ಆಸಿಡ್ ಮತ್ತು ಡೈಸೈಕ್ಲೊಮಿನ್. ಮೆಫೆನಮಿಕ್ ಕೂಡ ಎನ್‌ಸೇಡ್. ಡೈಸೈಕ್ಲೊಮಿನ್ ಡೊನೆಪೆಝಿಲ್‌ಗೆ ನೇರ ವಿರುದ್ಧವಾಗಿ ಕೆಲಸ ಮಾಡಿ ಮಂಕು ತರುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಮಿಕ್, ಇಂಡೊಮೆಥಸಿನ್, ಪಿರೊಕ್ಸಿಕಾಮ್, ನಿಮೆಸುಲೈಡ್, ಎಟೊರಿಕಾಕ್ಸಿಬ್ ಎಂಬ ಹೆಸರುಗಳನ್ನು ಕನ್ನಡದಲ್ಲೂ ಸ್ಟ್ರಿಪ್ಪಿನ ಮೇಲೆ ಕಾಣುವ ಹಾಗೆ ಇಂಗ್ಲಿಷಿನಲ್ಲೂ ಬರೆದು ಸೊಸೆಯ ಕೈಗೆ ಕೊಟ್ಟರು. ಭೇದಿ, ವಾಂತಿಯಾದ ದಿನ ಬಿಪಿ ಮಾತ್ರೆ ಕೊಡುವ ಮುಂಚೆ ಫೋನ್ ಮಾಡಬೇಕು ಎಂಬುದನ್ನೂ ಅದೇ ಕಾಗದದಲ್ಲಿ ಸೇರಿಸಿದರು.

ಆಗಸ್ಟ್ ತಿಂಗಳ ಸ್ಥಿತಿ

ಕ್ರಿಯಾಟಿನಿನ್ ಮೂರು ವಾರದಲ್ಲಿ 1.1ಕ್ಕೆ ಇಳಿದು ಅಲ್ಲೇ ನಿಂತಿದೆ; ಹಳೆಯ 0.9 ಬರಲಿಲ್ಲ. ಕಬ್ಬಿಣದ ಮಾತ್ರೆಯಿಂದ ಹಿಮೋಗ್ಲೋಬಿನ್ 11.2. ಹುಣ್ಣು ಮಾಯ್ದಿದೆ, ಎಚ್. ಪೈಲೋರಿ ಎರಡನೆಯ ಸಲವೂ ಇಲ್ಲ. ನೋವಿನ ಮಾತ್ರೆ ನಿಂತ ಮೇಲೆ ಬಿಪಿಗೆ ಟೆಲ್ಮಿಸಾರ್ಟನ್ 40 ಒಂದೇ ಸಾಕಾಗಿ 136/80ರಲ್ಲಿದೆ. ಮಾರ್ಚ್‌ನಲ್ಲಿ ಏರಿಸಿದ್ದು ಬೇಕಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಮತ್ತೆ ಶುರುಮಾಡಿಲ್ಲ.

ಮೋಕಾ ಪರೀಕ್ಷೆಯನ್ನು ಆಸ್ಪತ್ರೆಯಿಂದ ಹೋಗುವಾಗ ಬೇಕೆಂದೇ ಮಾಡಲಿಲ್ಲ. ಡೆಲಿರಿಯಂನ ಬಾಲದಲ್ಲಿ ಸಿಗುವ ಅಂಕ ಮನೆಯವರನ್ನು ಹೆದರಿಸುತ್ತದೆ, ಅಷ್ಟೇ. ಮೂರು ತಿಂಗಳ ಬಳಿಕ, ಸೂಚನೆಗಳನ್ನು ತುಳುವಿನಲ್ಲಿ ವಿವರಿಸಿ ಮಾಡಿದಾಗ 16. ಸೂಚನೆಯ ಭಾಷೆ ಬದಲಾದ್ದರಿಂದ ಈ 16ನ್ನು ಜನವರಿಯ 17ರ ಪಕ್ಕ ನೇರವಾಗಿ ಇಡುವಂತಿಲ್ಲ. ಮುಂದಿನ ಪರೀಕ್ಷೆಗಳನ್ನೆಲ್ಲ ಇದೇ ಕ್ರಮದಲ್ಲಿ ಮಾಡಿ ಇದರ ಜೊತೆ ಹೋಲಿಸುವುದೆಂದು ಕಡತದಲ್ಲಿ ಬರೆಯಲಾಗಿದೆ. ಮರೆವು ಇದ್ದೇ ಇದೆ. ಗ್ಯಾಸ್ ಒಲೆಯ ಬದಲು ಹೊತ್ತಾದರೆ ತಾನೇ ಆರುವ ಇಂಡಕ್ಷನ್ ಒಲೆ ಬಂದಿದೆ.

ಡೊನೆಪೆಝಿಲ್ 5 ಮಿ.ಗ್ರಾಂ ಅನ್ನು ಪ್ಯಾಂಟೊಪ್ರಝೋಲ್ ಜೊತೆ ಜುಲೈಯಲ್ಲಿ ಮತ್ತೆ ಶುರುಮಾಡಲಾಯಿತು. 10ಕ್ಕೆ ಏರಿಸಬೇಕೇ ಎಂಬುದನ್ನು ಮುಂದಿನ ಭೇಟಿಗೆ ಬಿಟ್ಟಿದ್ದಾರೆ. ಅದಕ್ಕೆ ಮೊದಲು ನಾಡಿ 60ಕ್ಕಿಂತ ಕೆಳಗೆ ಹೋಗುತ್ತಿದೆಯೇ, ತೂಕ ಇಳಿದಿದೆಯೇ, ಇಸಿಜಿ ಹೇಗಿದೆ ಎಂದು ನೋಡಬೇಕು. ನಾಡಿಯನ್ನು ವಾರಕ್ಕೆರಡು ದಿನ ಬೆಳಿಗ್ಗೆ ಕ್ಯಾಲೆಂಡರಿನ ಮೇಲೆ ಬರೆಯುವ ಕೆಲಸವನ್ನು ಸೊಸೆ ವಹಿಸಿಕೊಂಡಿದ್ದಾರೆ. ಆಗಸ್ಟ್ ಕೊನೆಯವರೆಗಿನ ಅಂಕಿಗಳು 62ರಿಂದ 70ರ ನಡುವೆ ಇವೆ.